ಕೊಯ್ಲು ಮುಗಿದರೂ ಮಾತ್ರೆ ಮುಗಿದಿರುವುದಿಲ್ಲ: ಕೊಡಗಿನ ತೋಟಗಳಲ್ಲಿ ಟಿಬಿ ಚಿಕಿತ್ಸೆ ಪೂರ್ತಿ ಮಾಡುವುದು ಹೇಗೆ

ಅರೇಬಿಕಾ ಕೊಯ್ಲು ನವೆಂಬರ್‌ ಹೊತ್ತಿಗೆ ಶುರುವಾಗುತ್ತದೆ, ರೋಬಸ್ಟಾ ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಜನವರಿಯಲ್ಲಿ ಟಿಬಿ ಪತ್ತೆಯಾದ ಕೂಲಿಯವರ ಮಾತ್ರೆ ಮುಗಿಯುವುದು ಜುಲೈನಲ್ಲಿ. ಅಷ್ಟರಲ್ಲಿ ಅವರು ಲೈನ್ ಮನೆ ಬಿಟ್ಟು ಊರಿಗೆ ಹೋಗಿರುತ್ತಾರೆ, ಇಲ್ಲವೇ ಮಳೆಗೆ ದಾರಿ ಕೆಟ್ಟು ಹಾಡಿಯಲ್ಲೇ ಉಳಿದಿರುತ್ತಾರೆ. ಕೊಡಗಿನಲ್ಲಿ ಟಿಬಿ ಚಿಕಿತ್ಸೆ ಕೈಕೊಡುವುದು ಹೆಚ್ಚಾಗಿ ಈ ಮಧ್ಯದ ತಿಂಗಳುಗಳಲ್ಲಿ. ಔಷಧ ಒಳ್ಳೆಯದಿದೆ, ಪುಕ್ಕಟೆ ಸಿಗುತ್ತದೆ. ತೋಟದ ಕ್ಯಾಲೆಂಡರ್ ಮತ್ತು ಮಾತ್ರೆಯ ಕ್ಯಾಲೆಂಡರ್ ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಮೊದಲ ದಿನವೇ ಯೋಚಿಸಿರುವುದಿಲ್ಲ, ಅಷ್ಟೇ. ರೋಗಿಗಳಿಗೆ, ಅವರ ಮನೆಯವರಿಗೆ, ತೋಟದ ಮಾಲೀಕರಿಗೆ ಮತ್ತು ಕೆಲಸ ನೋಡಿಕೊಳ್ಳುವ ರೈಟರುಗಳಿಗೆ ಉಪಯೋಗಕ್ಕೆ ಬರಲಿ ಎಂದು ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

1. ಕೆಮ್ಮಿಗೆ ಸಬೂಬು ಹೇಳಬೇಡಿ

ಸೌದೆ ಒಲೆಯ ಹೊಗೆ, ಕಣದ ದೂಳು, ಬೀಡಿ, ಮಂಜು. ನಮ್ಮಲ್ಲಿ ಕೆಮ್ಮಿಗೆ ಕಾರಣಗಳಿಗೇನೂ ಬರವಿಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತಿಗೆ ಬರುವ ಸಣ್ಣ ಜ್ವರ, ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ: ಇವುಗಳಲ್ಲಿ ಯಾವುದೊಂದು ಇದ್ದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಕೇಳಿ. ಸಕ್ಕರೆ ಕಾಯಿಲೆ ಇದ್ದವರು, ಎಚ್‌ಐವಿ ಇದ್ದವರು, ಮನೆಯಲ್ಲಿ ಈಗಾಗಲೇ ಒಬ್ಬರಿಗೆ ಟಿಬಿ ಇರುವವರು ಎರಡು ವಾರ ಕಾಯುವುದೂ ಬೇಡ.

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ತೆಗೆದುಕೊಂಡು ಕೆಮ್ಮು ನಿಲ್ಲಿಸಲು ನೋಡಬೇಡಿ. ಲಿವೊಫ್ಲಾಕ್ಸಾಸಿನ್ ತರಹದ ಮಾತ್ರೆಗಳು ಟಿಬಿಯ ಕ್ರಿಮಿಯನ್ನೂ ಅರೆಬರೆ ಹತ್ತಿಕ್ಕುತ್ತವೆ. ನಾಲ್ಕು ದಿನ ಹಗುರವೆನಿಸುತ್ತದೆ, ರೋಗ ಪತ್ತೆಯಾಗುವುದು ತಡವಾಗುತ್ತದೆ, ಮುಂದೆ ಬೇಕಾಗಬಹುದಾದ ಒಂದು ಒಳ್ಳೆಯ ಔಷಧವೂ ಕೆಲಸಕ್ಕೆ ಬಾರದಂತಾಗಬಹುದು.

ಕಫ ಕೊಡುವುದಕ್ಕೂ ಒಂದು ಕ್ರಮವಿದೆ. ಒಂದು ಸ್ಯಾಂಪಲ್ ಆಸ್ಪತ್ರೆಗೆ ಹೋದಾಗಲೇ, ಇನ್ನೊಂದು ಬೆಳಿಗ್ಗೆ ಎದ್ದ ಕೂಡಲೇ. ಬಾಯಿ ಮುಕ್ಕಳಿಸಿ, ಮನೆಯ ಹೊರಗೆ ಬಯಲಲ್ಲಿ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಿ ಡಬ್ಬಿಗೆ ಹಾಕಬೇಕು. ಡಬ್ಬಿಯಲ್ಲಿ ತೆಳ್ಳಗಿನ ನೊರೆನೊರೆ ಎಂಜಲಿದ್ದರೆ ಅದು ಕಫವಲ್ಲ. ಇರುವ ರೋಗವೂ ‘ಇಲ್ಲ’ ಎಂದು ಬರುವುದು ಇಂಥ ಸ್ಯಾಂಪಲ್‌ನಿಂದಲೇ. ಗಟ್ಟಿಯಾಗಿ, ಹಳದಿ ಛಾಯೆಯಲ್ಲಿ, ಒಂದು ಟೀ ಚಮಚದಷ್ಟಾದರೂ ಇರಲಿ.

2. ರಿಪೋರ್ಟಿನಲ್ಲಿ ಎರಡು ಉತ್ತರ ಹುಡುಕಿ

ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಪರೀಕ್ಷೆಯ ಜೊತೆಗೆ ಈಗ ಟ್ರೂನ್ಯಾಟ್, ಸಿಬಿ-ನ್ಯಾಟ್ ಎಂಬ ಯಂತ್ರಗಳಿವೆ. ಟ್ರೂನ್ಯಾಟ್ ಗೋವಾದಲ್ಲೇ ತಯಾರಾಗುವಂಥದ್ದು. ಇವು ಕೆಲವೇ ಗಂಟೆಗಳಲ್ಲಿ ಎರಡು ಸಂಗತಿ ಹೇಳುತ್ತವೆ: ಕಫದಲ್ಲಿ ಟಿಬಿ ಕ್ರಿಮಿ ಇದೆಯೇ, ಇದ್ದರೆ ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಅದು ಬಗ್ಗುತ್ತದೆಯೇ. ಎರಡನೆಯ ಉತ್ತರ ಇಲ್ಲದ ರಿಪೋರ್ಟು ಕೈಗೆ ಬಂದರೆ, “ಡಾಕ್ಟ್ರೇ, ರಿಫಾಂಪಿಸಿನ್ ರೆಸಿಸ್ಟೆನ್ಸ್ ನೋಡಿದ್ದಾರಾ?” ಎಂದು ಬಾಯಿಬಿಟ್ಟು ಕೇಳಿ. ಹಿಂದೊಮ್ಮೆ ಟಿಬಿ ಮಾತ್ರೆ ನುಂಗಿ ಅರ್ಧಕ್ಕೆ ಬಿಟ್ಟವರಿಗಂತೂ ಈ ಪ್ರಶ್ನೆ ಕೇಳಲೇಬೇಕಾದದ್ದು. ಐಸೊನಿಯಾಜಿಡ್ ಎಂಬ ಇನ್ನೊಂದು ಮುಖ್ಯ ಔಷಧಕ್ಕೆ ಕ್ರಿಮಿ ಬಗ್ಗುತ್ತದೆಯೇ ಎಂದು ತಿಳಿಯಲು ಬೇರೆ ಪರೀಕ್ಷೆ ಇದೆ. ಅದರ ಫಲಿತಾಂಶ ಬರಲು ಸ್ವಲ್ಪ ದಿನ ಬೇಕು.

ಖಾಸಗಿ ಡಾಕ್ಟರ ಹತ್ತಿರ ತೋರಿಸುತ್ತಿದ್ದರೂ ಚಿಂತೆಯಿಲ್ಲ. 2012ರಿಂದ ಪ್ರತಿಯೊಂದು ಟಿಬಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ತಿಳಿಸಿದ ಮೇಲೆ ರೋಗಿಗೆ ನಿಕ್ಷಯ್ ಪೋರ್ಟಲಿನಲ್ಲಿ ಒಂದು ಐಡಿ ಸಿಗುತ್ತದೆ. ಈ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಮೊಬೈಲಿನಲ್ಲೂ ಒಂದು ಫೋಟೊ ಇರಲಿ. ಇದರ ಬೆಲೆ ಆರನೇ ಹಂತದಲ್ಲಿ ತಿಳಿಯುತ್ತದೆ.

3. ಮಾತ್ರೆ ಶುರು ಮಾಡುವ ದಿನ

ಔಷಧಕ್ಕೆ ಬಗ್ಗುವ ಸಾಮಾನ್ಯ ಟಿಬಿಗೆ ಚಿಕಿತ್ಸೆ ಆರು ತಿಂಗಳು. ಮೊದಲ 2 ತಿಂಗಳು ನಾಲ್ಕು ಔಷಧ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ: ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಮುಂದಿನ 4 ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. 28 ದಿನಕ್ಕೊಂದು ತಿಂಗಳೆಂದು ಲೆಕ್ಕ ಹಿಡಿದರೆ 56 ದಿನ ಮತ್ತು 112 ದಿನ, ಒಟ್ಟು 168 ದಿನ, ಪ್ರತಿದಿನವೂ. ವಾರಕ್ಕೆ ಮೂರು ದಿನ ನುಂಗುವ ಹಳೆಯ ಪದ್ಧತಿ ಈಗಿಲ್ಲ. ಮನೆಯ ಹಿರಿಯರು ತಮ್ಮ ಕಾಲದ ಲೆಕ್ಕ ಹೇಳಿದರೆ ಇದನ್ನು ತಿಳಿಸಿ.

ದಿನಕ್ಕೆ ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ ನಿಂತಿದೆ. ದೊಡ್ಡವರಲ್ಲಿ 25ರಿಂದ 34 ಕೆಜಿ ತೂಕದವರಿಗೆ 2, 35ರಿಂದ 49 ಕೆಜಿಗೆ 3, 50ರಿಂದ 64 ಕೆಜಿಗೆ 4, 65ರಿಂದ 75 ಕೆಜಿಗೆ 5, ಅದಕ್ಕೂ ಮೇಲಿದ್ದರೆ 6. ಹಾಗಾಗಿ ಅಂದಾಜಿನ ತೂಕ ಹೇಳಬೇಡಿ, ಕಾಟಾ ಮೇಲೆ ನಿಂತೇ ನೋಡಿ. ತಿಂಗಳಿಗೊಮ್ಮೆ ಮತ್ತೆ ತೂಗಿಸಿಕೊಳ್ಳಿ. ಚೆನ್ನಾಗಿ ತೂಕ ಬಂದರೆ ಡಾಕ್ಟರು ಮಾತ್ರೆಯ ಸಂಖ್ಯೆ ಹೆಚ್ಚಿಸಬೇಕಾಗಬಹುದು. ಮಕ್ಕಳ ಮಾತ್ರೆಯೇ ಬೇರೆ, ದೊಡ್ಡವರ ಮಾತ್ರೆಯನ್ನು ಮುರಿದು ಕೊಡಬಾರದು.

ಅದೇ ದಿನ ರಕ್ತದಲ್ಲಿ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಆಗಬೇಕು. ಬೇರೆ ಏನೇ ಮಾತ್ರೆ ನುಂಗುತ್ತಿದ್ದರೂ ಮುಚ್ಚಿಡದೆ ಹೇಳಿ. ರಿಫಾಂಪಿಸಿನ್ ಹಲವು ಔಷಧಗಳ ಬಲ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಎಚ್‌ಐವಿಯ ಡೊಲುಟೆಗ್ರಾವಿರ್ ಇವುಗಳ ಪ್ರಮಾಣ ಬದಲಿಸಬೇಕಾಗುತ್ತದೆ. ಗರ್ಭನಿರೋಧಕ ಮಾತ್ರೆಯನ್ನು ನಂಬಿಕೊಂಡಿರುವ ಹೆಣ್ಣುಮಕ್ಕಳು ಈ ಆರು ತಿಂಗಳು ಕಾಪರ್-ಟಿ ಅಥವಾ ಕಾಂಡೋಮ್ ಬಗ್ಗೆ ನರ್ಸ್ ಹತ್ತಿರ ಮಾತಾಡಲೇಬೇಕು. ಇದನ್ನು ಕೇಳಲು ನಾಚುವವರೇ ಹೆಚ್ಚು, ಆದ್ದರಿಂದ ಕೇಳುವ ತನಕ ಕಾಯದೆ ಆಶಾ ಕಾರ್ಯಕರ್ತೆಯರೇ ಹೇಳಿದರೆ ಒಳ್ಳೆಯದು. ಬಸುರಿಯರೂ ಬಾಣಂತಿಯರೂ ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ, ಮಗುವಿಗೆ ಹಾಲು ಬಿಡಿಸಬೇಕಾಗಿಯೂ ಇಲ್ಲ.

4. ದಿನದಿನದ ಅಭ್ಯಾಸ

ಎಲ್ಲ ಮಾತ್ರೆಯನ್ನೂ ಒಂದೇ ಸಲ, ಒಂದೇ ಹೊತ್ತಿಗೆ, ನೀರಿನಲ್ಲಿ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ರಿಫಾಂಪಿಸಿನ್ ಚೆನ್ನಾಗಿ ಹಿಡಿಯುತ್ತದೆ ನಿಜ. ಆದರೆ ಬೆಳಿಗ್ಗೆ ಬರೀ ಬೆಲ್ಲದ ಕಾಫಿ ಕುಡಿದು ಮಾತ್ರೆ ನುಂಗಿ ತೋಟಕ್ಕೆ ಹೋಗುವವರಿಗೆ ಹತ್ತು ಗಂಟೆಗೆಲ್ಲ ಹೊಟ್ಟೆ ತೊಳಸಿ, ವಾರದೊಳಗೆ ಮಾತ್ರೆಯೇ ಬೇಡವಾಗುತ್ತದೆ. ಹಾಗಾಗುವುದಾದರೆ ಸ್ವಲ್ಪ ಗಂಜಿ ಕುಡಿದೋ ಒಂದು ರೊಟ್ಟಿ ತಿಂದೋ ತೆಗೆದುಕೊಳ್ಳಿ. ರಾತ್ರಿ ಊಟವಾಗಿ ಮಲಗುವ ಮುಂಚೆ ನುಂಗುವುದೂ ಹಲವರಿಗೆ ಒಗ್ಗುತ್ತದೆ. ಗ್ಯಾಸಿನ ಔಷಧ ಬೇಕಾದರೆ ಟಿಬಿ ಮಾತ್ರೆಯಿಂದ ಎರಡು ಗಂಟೆ ದೂರ ಇರಲಿ.

ಒಂದು ಹೊತ್ತು ತಪ್ಪಿದರೆ ಅದೇ ದಿನ ನೆನಪಾದಾಗ ನುಂಗಿ. ಮಾರನೇ ದಿನ ಎರಡು ದಿನದ್ದು ಸೇರಿಸಿ ನುಂಗಬಾರದು. ವಾರಗಟ್ಟಲೆ ತಪ್ಪಿದ್ದರೆ ನೀವಾಗಿಯೇ ಮತ್ತೆ ಶುರು ಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೈಯುತ್ತಾರೆಂದು ಹೆದರಿ ಮನೆಯಲ್ಲಿ ಕೂರುವವರ ಶ್ವಾಸಕೋಶದಲ್ಲಿ ಕ್ರಿಮಿ ಔಷಧಕ್ಕೆ ಒಗ್ಗಿಕೊಳ್ಳುತ್ತಾ ಹೋಗುತ್ತದೆ. ಆರೋಗ್ಯ ಕಾರ್ಯಕರ್ತರಿಗೂ ನನ್ನ ವಿನಂತಿ ಇಷ್ಟೇ: ಬಿಟ್ಟು ಮತ್ತೆ ಬಂದವರನ್ನು ಬೈಯಬೇಡಿ, ಬಂದರಲ್ಲ ಎಂದು ಕೂರಿಸಿ ಮಾತಾಡಿಸಿ.

ಮಾತ್ರೆಯನ್ನು ಎಲ್ಲಿಡುತ್ತೀರಿ ಎಂಬುದು ಕೊಡಗಿನಲ್ಲಿ ದೊಡ್ಡ ಪ್ರಶ್ನೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಗೋಡೆಗೇ ಬೂಸ್ಟು ಹಿಡಿಯುತ್ತದೆ. ಸ್ಟ್ರಿಪ್ಪಿನಿಂದ ಬಿಡಿಸಿ ಪ್ಲಾಸ್ಟಿಕ್ ಡಬ್ಬಿಗೆ ಸುರಿದಿಟ್ಟರೆ ತೇವ ಹೀರಿಕೊಂಡು ಕೆಡುತ್ತದೆ. ಸ್ಟ್ರಿಪ್ಪಿನಲ್ಲೇ ಬಿಟ್ಟು, ಭದ್ರ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದಲೂ ಸೋರುವ ಗೋಡೆಯಿಂದಲೂ ದೂರ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿಡಿ. ನೆಲ್ಯಹುದಿಕೇರಿ, ಕರಡಿಗೋಡಿನ ಕಡೆ ನದಿ ದಂಡೆಯಲ್ಲಿ ಮನೆಯಿರುವವರು ಮಳೆ ಜೋರಾಗುವ ಮುಂಚೆಯೇ ಮುಂದಿನ ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ. ಮನೆ ಬಿಟ್ಟು ಹೊರಡುವಾಗ ರೇಷನ್ ಕಾರ್ಡಿನ ಜೊತೆ ಎತ್ತಿಕೊಳ್ಳುವ ಚೀಲದಲ್ಲಿ ಆ ಡಬ್ಬಿಯೂ ಇರಲಿ.

ಇನ್ನು ಹೆಂಡದ ವಿಷಯ. ಕೊಡಗಿನಲ್ಲಿ ಹಬ್ಬ, ಮದುವೆ, ತಿಥಿ ಯಾವುದಕ್ಕೂ ಗ್ಲಾಸು ಎತ್ತುವ ರೂಢಿ ಇದೆ, ವಾರದ ಬಟವಾಡೆ ದಿನ ಲೈನ್ ಮನೆಗಳಲ್ಲೂ ಇದೆ. ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಯಕೃತ್ತಿನ ಮೇಲೆ ಭಾರ ಹಾಕುತ್ತವೆ. ಅದರ ಮೇಲೆ ಹೆಂಡವೂ ಸೇರಿದರೆ ಕಾಮಾಲೆ ಬಂದು ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗುತ್ತದೆ. ಪುತ್ತರಿಯಾಗಲಿ ಕೈಲ್‌ಪೊಳ್ದ್ ಆಗಲಿ, ಈ ಒಂದು ವರ್ಷ ಬೇಡ. ಒತ್ತಾಯ ಮಾಡುವ ನೆಂಟರಿಗೆ “ಮಾತ್ರೆ ನಡೀತಿದೆ” ಎಂದರೆ ಸಾಕು. ಅಷ್ಟು ಹೇಳಿದ ಮೇಲೂ ಸುರಿದುಕೊಡುವವರು ನಿಮ್ಮ ಹಿತ ಬಯಸುವವರಲ್ಲ. ಕುಡಿತ ಬಿಡಲು ಆಗುತ್ತಲೇ ಇಲ್ಲ ಎಂದಾದರೂ ಮಾತ್ರೆ ಬಿಡಬೇಡಿ, ಡಾಕ್ಟರಿಗೆ ನಿಜ ಹೇಳಿ. ಯಕೃತ್ತಿನ ಪರೀಕ್ಷೆ ಮೇಲಿಂದ ಮೇಲೆ ಮಾಡಿಸುತ್ತಾ ಚಿಕಿತ್ಸೆ ನಡೆಸಬಹುದು.

5. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ. ರಕ್ತ ಹೋಗುತ್ತಿದೆ ಎಂದು ಗಾಬರಿಯಾಗಿ ಮೊದಲ ವಾರದಲ್ಲೇ ಮಾತ್ರೆ ಬಿಟ್ಟವರಿದ್ದಾರೆ. ಇದರಿಂದ ಏನೂ ತೊಂದರೆಯಿಲ್ಲ. ಕೈಕಾಲಿನ ತುದಿ ಜುಮ್ಮೆಂದರೆ ಅಥವಾ ಉರಿದರೆ ಐಸೊನಿಯಾಜಿಡ್ ಕಾರಣ, ಬಿ6 ವಿಟಮಿನ್ ಮಾತ್ರೆ ಜೊತೆಗೆ ಕೊಡುತ್ತಾರೆ. ಕೀಲುನೋವಿಗೆ ಪೈರಾಜಿನಮೈಡ್ ಕಾರಣವಿರಬಹುದು, ಡಾಕ್ಟರಿಗೆ ಹೇಳಿ ನೋವಿನ ಔಷಧ ತೆಗೆದುಕೊಳ್ಳಬಹುದು.

ತಡಮಾಡಬಾರದ ಲಕ್ಷಣಗಳು ಬೇರೆ. ಊಟ ಸೇರದೆ ವಾಂತಿ, ಬಲಗಡೆ ಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿ, ಕಡು ಚಹಾ ಬಣ್ಣದ ಮೂತ್ರ: ಇವು ಯಕೃತ್ತಿಗೆ ಪೆಟ್ಟಾಗುತ್ತಿರುವ ಗುರುತು. ಆ ದಿನದ ಮಾತ್ರೆ ನುಂಗದೆ ಅವತ್ತೇ ಆಸ್ಪತ್ರೆಗೆ ಹೋಗಿ. ಅವರು ರಕ್ತ ಪರೀಕ್ಷೆ ಮಾಡಿ, ಬೇಕಿದ್ದರೆ ನಿಲ್ಲಿಸಿ, ಆಮೇಲೆ ಒಂದೊಂದೇ ಔಷಧವಾಗಿ ಮತ್ತೆ ಶುರು ಮಾಡುತ್ತಾರೆ. ಕಾಮಾಲೆಗೆಂದು ಊರಿನ ನಾಟಿ ಔಷಧ ಕುಡಿದು ಎರಡು ವಾರ ಕಳೆಯಬೇಡಿ. ಮೈಯೆಲ್ಲ ದದ್ದು ಎದ್ದು ಬಾಯಿ ಹುಣ್ಣಾದರೂ ಹೀಗೆಯೇ, ಕೂಡಲೇ ಹೋಗಿ.

ಎಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಮಾಡುವುದು ಅಪರೂಪ, ಮಾಡಿದರೆ ಮೊದಲು ಮಂಕಾಗುವುದು ಕೆಂಪು–ಹಸಿರಿನ ಗುರುತು. ಕೊಯ್ಲಿನ ಹೆಂಗಸರು ಇದನ್ನು ಎಲ್ಲರಿಗಿಂತ ಬೇಗ ಹಿಡಿಯಬಲ್ಲರು. ಹಣ್ಣು ಮಾತ್ರ ಕೊಯ್ಯಬೇಕಾದಲ್ಲಿ ಬುಟ್ಟಿಗೆ ಹಸಿರು ಕಾಯಿ ಬೀಳತೊಡಗಿ, “ಅಕ್ಕ, ಏನಿದು, ಕಾಯೆಲ್ಲ ಕೊಯ್ದಿದ್ದೀಯ?” ಎಂದು ಪಕ್ಕದವರು ಕೇಳಿದರೆ ಅದನ್ನು ಅಲಕ್ಷ್ಯ ಎಂದುಕೊಳ್ಳಬೇಡಿ. ಮೊದಲು ಸಲೀಸಾಗಿ ಆರಿಸುತ್ತಿದ್ದವರಿಗೆ ಈಗ ಹಣ್ಣು ಯಾವುದು ಕಾಯಿ ಯಾವುದು ತಿಳಿಯುತ್ತಿಲ್ಲವೆಂದರೆ ಅದೇ ದಿನ ಡಾಕ್ಟರನ್ನು ಕಾಣಬೇಕು. ಹೊತ್ತಿಗೆ ಸರಿಯಾಗಿ ಆ ಔಷಧ ನಿಲ್ಲಿಸಿದರೆ ಬಹುತೇಕರಿಗೆ ದೃಷ್ಟಿ ಮರಳುತ್ತದೆ.

6. ಊರು ಬಿಡುವ ಮುಂಚೆ

ಈ ಬರಹದಲ್ಲಿ ಒಂದೇ ಹಂತ ಓದುತ್ತೇನೆ ಎನ್ನುವವರು ಇದನ್ನು ಓದಿ. ಅಸ್ಸಾಂ, ಬಂಗಾಳದಿಂದ ಬಂದವರಿರಲಿ, ಪಿರಿಯಾಪಟ್ಟಣ, ಹುಣಸೂರು ಕಡೆಯವರಿರಲಿ, ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವ ಎರವ ಬುಡಕಟ್ಟಿನವರಿರಲಿ, ಹೊರಡುವುದಕ್ಕೆ ಒಂದು ವಾರ ಮುಂಚೆ ಆರೋಗ್ಯ ಕೇಂದ್ರಕ್ಕೆ ಹೋಗಿ ಮೂರು ಕೆಲಸ ಮಾಡಿಸಿಕೊಳ್ಳಬೇಕು. ಹೋಗುವ ಊರು, ತಾಲ್ಲೂಕು, ಜಿಲ್ಲೆ ಹೇಳಿ ನಿಕ್ಷಯ್‌ನಲ್ಲಿ ವರ್ಗಾವಣೆ ಮಾಡಿಸುವುದು ಮೊದಲನೆಯದು. ದಾರಿಯ ದಿನಗಳಿಗೂ, ಅಲ್ಲಿ ಹೊಸ ಕೇಂದ್ರ ಹುಡುಕುವ ದಿನಗಳಿಗೂ ಸಾಕಾಗುವಷ್ಟು ಮಾತ್ರೆ ಕೈಯಲ್ಲಿ ಪಡೆಯುವುದು ಎರಡನೆಯದು. ಚಿಕಿತ್ಸಾ ಕಾರ್ಡಿನ ಫೋಟೊ ತೆಗೆದುಕೊಳ್ಳುವುದು ಮೂರನೆಯದು. ಐಡಿ ದೇಶಕ್ಕೆಲ್ಲ ಒಂದೇ. ಗುವಾಹಟಿಯಲ್ಲಾದರೂ ಆ ನಂಬರು ಹಾಕಿ ನೋಡಿದರೆ ಮಡಿಕೇರಿಯಲ್ಲಿ ನುಂಗಿದ ಮಾತ್ರೆಯ ಲೆಕ್ಕ ಸಿಗುತ್ತದೆ, ಚಿಕಿತ್ಸೆ ನಿಂತಲ್ಲಿಂದ ಮುಂದುವರಿಯುತ್ತದೆ. ದಾರಿ ತಿಳಿಯದಿದ್ದರೆ 1800-11-6666ಕ್ಕೆ ಕರೆ ಮಾಡಿ, ದುಡ್ಡು ಕಟ್ಟಾಗುವುದಿಲ್ಲ.

ಮಾಲೀಕರಿಗೂ ರೈಟರುಗಳಿಗೂ ಒಂದು ಮಾತು. ಟಿಬಿ ಎಂದು ತಿಳಿದ ಕೂಡಲೇ ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಟ್ಟರೆ ತೋಟ ಸುರಕ್ಷಿತವಾಗುವುದಿಲ್ಲ. ಮುಂದಿನ ಸಲ ಕೆಮ್ಮು ಬಂದವರು ನಿಮಗೆ ಹೇಳುವುದೇ ಇಲ್ಲ, ಲೈನ್ ಮನೆಯಲ್ಲಿ ತಿಂಗಳುಗಟ್ಟಲೆ ಕೆಮ್ಮುತ್ತಾ ಇನ್ನೂ ನಾಲ್ವರಿಗೆ ಹರಡುತ್ತಾರೆ. ಔಷಧ ಸರಿಯಾಗಿ ಶುರುವಾಗಿ ಸುಮಾರು ಎರಡು ವಾರವಾದರೆ ಬಹುಪಾಲು ರೋಗಿಗಳಿಂದ ಹರಡುವ ಭಯ ತೀರಾ ಕಡಿಮೆಯಾಗುತ್ತದೆ. ಅಷ್ಟು ದಿನ ರಜೆ ಕೊಡಿ, ಆಮೇಲೆ ಹಗುರ ಕೆಲಸ ಕೊಡಿ, ತಿಂಗಳಿಗೊಂದು ದಿನ ಆಸ್ಪತ್ರೆಗೆ ಹೋಗಲು ಕೂಲಿ ಹಿಡಿಯದೆ ಬಿಡಿ.

7. ಮನೆಯ ಉಳಿದವರು

ಟಿಬಿ ಗಾಳಿಯಲ್ಲಿ ಹರಡುತ್ತದೆ. ತಟ್ಟೆ, ಲೋಟ, ಕಂಬಳಿ ಬೇರೆ ಮಾಡುವುದರಿಂದ ಮನಸ್ಸು ನೋಯುತ್ತದೆಯೇ ಹೊರತು ರೋಗ ತಡೆಯುವುದಿಲ್ಲ. ಬೇಕಾದದ್ದು ಗಾಳಿ. ಮಳೆಗಾಲದಲ್ಲಿ ಲೈನ್ ಮನೆಯ ಕಿಟಕಿಗೆ ಪ್ಲಾಸ್ಟಿಕ್ ಶೀಟು ಹೊಡೆದು, ಒಂದೇ ಕೋಣೆಯಲ್ಲಿ ಒಲೆ ಹಚ್ಚಿ ಆರು ಜನ ಮಲಗುವುದು ಕ್ರಿಮಿಗೆ ಅನುಕೂಲ. ಎರಡು ಎದುರುಬದುರು ಗೋಡೆಗಳಲ್ಲಿ, ಮಾಡಿನ ಕೆಳಗೆ ಎರಚಲು ಹೊಡೆಯದ ಎತ್ತರದಲ್ಲಿ ಗಾಳಿ ಕಿಂಡಿ ಬಿಡಿಸಿ. ರೋಗಿ ಮೊದಲ ವಾರಗಳಲ್ಲಿ ಬಾಗಿಲ ಹತ್ತಿರ ಮಲಗಲಿ, ಮಾಸ್ಕ್ ಹಾಕಲಿ, ಕೆಮ್ಮುವಾಗ ಬಟ್ಟೆ ಅಡ್ಡ ಹಿಡಿಯಲಿ.

ಜೊತೆಗಿರುವ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ರೋಗವಿಲ್ಲ ಎಂದು ಖಚಿತವಾದವರಿಗೆ ಮುಂಜಾಗ್ರತೆಯ ಮಾತ್ರೆ ಇದೆ: ಐಸೊನಿಯಾಜಿಡ್ ಪ್ರತಿದಿನ 6 ತಿಂಗಳು, ಅಥವಾ ಐಸೊನಿಯಾಜಿಡ್ ಮತ್ತು ರಿಫಾಪೆಂಟಿನ್ ವಾರಕ್ಕೊಮ್ಮೆಯಂತೆ 12 ವಾರ. ಸಿಗುವುದಾದರೆ ಎರಡನೆಯದನ್ನೇ ಕೇಳಿ ಎನ್ನುತ್ತೇನೆ, ಹನ್ನೆರಡು ಹೊತ್ತು ಮುಗಿಸುವುದು ಯಾರಿಗಾದರೂ ಸುಲಭ. ಸಂತೆ ದಿನಕ್ಕೆ ಗಂಟು ಹಾಕಿಕೊಂಡರೆ ಮರೆಯುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಮುಂಜಾಗ್ರತೆಯ ಮಾತ್ರೆ ತಪ್ಪಬಾರದು, ಯಾವುದು ಎಂಬುದನ್ನು ಡಾಕ್ಟರೇ ಹೇಳಲಿ. ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆ ಮಕ್ಕಳನ್ನು ಮೆದುಳಿನ ಟಿಬಿಯಂಥ ಘೋರ ರೂಪಗಳಿಂದ ಕಾಯುತ್ತದೆ, ದೊಡ್ಡವರ ಶ್ವಾಸಕೋಶದ ಟಿಬಿಯನ್ನು ನಂಬುವ ಮಟ್ಟಿಗೆ ತಡೆಯುವುದಿಲ್ಲ.

8. ಊಟ ಮತ್ತು ದುಡ್ಡು

ಊಟವೂ ಚಿಕಿತ್ಸೆಯ ಭಾಗವೇ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೂ ಒಳ್ಳೆಯ ರೇಷನ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆಯಾಯಿತು. ಅಂದರೆ ಬೇಳೆ, ಮೊಟ್ಟೆ, ಮೀನು, ಕಡಲೆಕಾಯಿ ಇವು ರೋಗಿಗೊಬ್ಬರಿಗೇ ಅಲ್ಲ, ಮನೆಮಂದಿಗೆಲ್ಲ ಬೇಕು.

ಟಿಬಿ ರೋಗಿಯ ಊಟಕ್ಕೆಂದು ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆ 2018ರಲ್ಲಿ ತಿಂಗಳಿಗೆ ₹500ರಂತೆ ಶುರುವಾಗಿ, 2024ರ ನವೆಂಬರ್‌ನಿಂದ ₹1,000 ಆಗಿದೆ. ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಹೊರರಾಜ್ಯದ ಖಾತೆಯೂ ನಡೆಯುತ್ತದೆ, ಆದರೆ ಖಾತೆ ಚಾಲ್ತಿಯಲ್ಲಿರಬೇಕು. ಬಂದಿಲ್ಲವೆಂದರೆ ಸುಮ್ಮನಿರದೆ ಆರೋಗ್ಯ ಕೇಂದ್ರದಲ್ಲಿ ಖಾತೆ ನಂಬರು ಸರಿಯಾಗಿ ದಾಖಲಾಗಿದೆಯೇ ನೋಡಿಸಿ. ‘ನಿಕ್ಷಯ್ ಮಿತ್ರ’ರಾಗಿ ನೋಂದಾಯಿಸಿಕೊಂಡು ರೋಗಿಗಳಿಗೆ ಆಹಾರದ ಕಿಟ್ ಕೊಡಲು ಯಾರಿಗೂ ಅವಕಾಶವಿದೆ. ಕೊಡಗಿನ ಸಂಘಗಳೂ ತೋಟದ ಕುಟುಂಬಗಳೂ ಇದಕ್ಕೆ ಮುಂದೆ ಬರಲಿ ಎಂಬುದು ನನ್ನ ಆಸೆ.

9. ಔಷಧಕ್ಕೆ ಬಗ್ಗದಿದ್ದರೆ, ಅಥವಾ ಅದು ಟಿಬಿಯೇ ಅಲ್ಲದಿದ್ದರೆ

ರಿಫಾಂಪಿಸಿನ್‌ಗೆ ಬಗ್ಗದ ಟಿಬಿಗೂ ಈಗ ದಾರಿಯಿದೆ. ಹಿಂದೆ ಒಂದೂವರೆ ಎರಡು ವರ್ಷ ಹಿಡಿಯುತ್ತಿದ್ದ ಚಿಕಿತ್ಸೆ, ನೋವಿನ ಇಂಜೆಕ್ಷನ್ ಬೇರೆ. 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಜೋಡಣೆ ಆರು ತಿಂಗಳಲ್ಲಿ ಮುಗಿಯುತ್ತದೆ, ಎಲ್ಲವೂ ಮಾತ್ರೆಗಳೇ. ಇಸಿಜಿ, ರಕ್ತ, ಕಣ್ಣಿನ ಪರೀಕ್ಷೆ ಆಗಾಗ ಬೇಕು. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಬೇರೆ ಕ್ರಮ.

ಇನ್ನೊಂದು ಸಂದರ್ಭವಿದೆ, ಹೆಚ್ಚು ಜನಕ್ಕೆ ತಿಳಿಯದ್ದು. ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಕಾಣುತ್ತದೆ, ಆದರೆ ಟ್ರೂನ್ಯಾಟ್ ಟಿಬಿ ಇಲ್ಲ ಎನ್ನುತ್ತದೆ. ಅಥವಾ ಆರು ತಿಂಗಳು ಶ್ರದ್ಧೆಯಿಂದ ಮಾತ್ರೆ ನುಂಗಿದರೂ ಕೆಮ್ಮು ಹೋಗಿಲ್ಲ. ಆಗ ಟಿಬಿಯದೇ ಬಳಗದ ಬೇರೆ ಮೈಕೊಬ್ಯಾಕ್ಟೀರಿಯಾ ಇರಬಹುದು. ಇವು ಮಣ್ಣು, ನೀರಿನಲ್ಲಿ ಸಹಜವಾಗಿ ಇರುತ್ತವೆ, ಸಾಮಾನ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಹಳೆಯ ಟಿಬಿಯಿಂದ ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿದವರಿಗೆ ಹೆಚ್ಚು ಕಾಡುತ್ತವೆ. ಒಂದೇ ಕಫದಲ್ಲಿ ಕಂಡರೆ ರೋಗವೆಂದು ತೀರ್ಮಾನಿಸುವುದಿಲ್ಲ. ಲಕ್ಷಣಗಳಿರಬೇಕು, ಸ್ಕ್ಯಾನಿನಲ್ಲಿ ಬದಲಾವಣೆ ಕಾಣಬೇಕು, ಬೇರೆ ಬೇರೆ ದಿನದ ಎರಡು ಕಫದ ಕಲ್ಚರಿನಲ್ಲಿ, ಅಂದರೆ ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಅದೇ ಕ್ರಿಮಿ ಬೆಳೆಯಬೇಕು. ಆ ಕ್ರಿಮಿ ಏವಿಯಂ ಎಂಬ ಗುಂಪಿನದಾದರೆ ಅಜಿತ್ರೊಮೈಸಿನ್, ರಿಫಾಂಪಿಸಿನ್, ಎಥಾಂಬುಟಾಲ್ ಮೂರನ್ನೂ ಕೊಟ್ಟು, ಕಲ್ಚರಿನಲ್ಲಿ ಕ್ರಿಮಿ ಬೆಳೆಯದಂತಾದ ಮೇಲೂ 12 ತಿಂಗಳು ಮುಂದುವರಿಸುತ್ತಾರೆ. ಅಬ್ಸೆಸಸ್ ಎಂಬ ಜಾತಿಗೆ ಇಂಜೆಕ್ಷನ್‌ಗಳೂ ಬೇಕು. ಇದನ್ನು ಊರ ಕ್ಲಿನಿಕ್ಕಿನಲ್ಲಿ ಅಂದಾಜಿನ ಮೇಲೆ ಮಾಡುವಂತಿಲ್ಲ. ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲೋ ಮೈಸೂರಿನಲ್ಲೋ ಶ್ವಾಸಕೋಶ ತಜ್ಞರನ್ನು ಕಾಣಿ, ಹಳೆಯ ಎಕ್ಸ್‌ರೇಗಳನ್ನೆಲ್ಲ ಒಯ್ಯಿರಿ.

10. ಕೊನೆಯ ಸ್ಟ್ರಿಪ್ಪಿನ ನಂತರ

ಎರಡು ತಿಂಗಳಿಗೆ ಹಸಿವು ಬರುತ್ತದೆ, ಕೆಮ್ಮು ನಿಲ್ಲುತ್ತದೆ, ಹೆಚ್ಚಿನವರು ಬಿಡುವುದು ಆಗಲೇ. ಆ ಹೊತ್ತಿಗೆ ಒಂದು ಕಫ ಪರೀಕ್ಷೆ, ಆರು ತಿಂಗಳು ಮುಗಿದಾಗ ಇನ್ನೊಂದು ಆಗಬೇಕು. ಎರಡನ್ನೂ ಕೇಳಿ ಮಾಡಿಸಿಕೊಳ್ಳಿ, ‘ಗುಣವಾಗಿದೆ’ ಎಂದು ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆಮೇಲೆ 6, 12, 18, 24ನೇ ತಿಂಗಳಿಗೆ ಒಮ್ಮೊಮ್ಮೆ ತೋರಿಸಬೇಕು. ಟಿಬಿ ಮರಳುವುದಿದ್ದರೆ ಹೆಚ್ಚಾಗಿ ಈ ಎರಡು ವರ್ಷದೊಳಗೆ. ಮುಂದಿನ ಕೊಯ್ಲಿಗೆ ಮತ್ತೆ ಕೊಡಗಿಗೆ ಬರುವವರು ಹಳೆಯ ಕಾರ್ಡನ್ನೂ ಐಡಿ ಬರೆದ ಚೀಟಿಯನ್ನೂ ಎಸೆಯದೆ ತನ್ನಿ, ಬಂದ ವಾರದಲ್ಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ತೂಕ ನೋಡಿಸಿಕೊಳ್ಳಿ.